ಶಾಲೆಯ ರಾಣಿಯರೂ ಹಿಟ್ಟಿನ ಕೋಳಿಯೂ

ಇಂಗ್ಲೆಂಡಿನ ಥಾಮಸ್ ಹ್ಯೂಸ್ 1857ರಲ್ಲಿ ಪ್ರಕಟಿಸಿದ 'ಟಾಮ್ ಬ್ರೌನ್ಸ್ ಸ್ಕೂಲ್ ಡೇಸ್' ಕಾದಂಬರಿಯಲ್ಲಿ ಫ್ಲ್ಯಾಷ್‌ಮನ್ ಎಂಬೊಬ್ಬ ಹುಡುಗನಿದ್ದಾನೆ. ರಗ್ಬಿ ಶಾಲೆಯ ವಸತಿಗೃಹದಲ್ಲಿ ಕಿರಿಯರನ್ನು ಹಿಂಸಿಸುವುದೇ ಅವನ ವಿನೋದ. ಕುದುರೆ ಜೂಜಿನ ಚೀಟಿಯೊಂದನ್ನು ತನಗೆ ಬಿಟ್ಟುಕೊಡಲಿಲ್ಲವೆಂಬ ಸಿಟ್ಟಿಗೆ ಅವನು ಟಾಮ್‌ನನ್ನು ಹಿಡಿದು ಬೆಂಕಿಗೂಡಿನ ಎದುರು ಮೈ ಸುಡುವಷ್ಟು ಹೊತ್ತು ನಿಲ್ಲಿಸುವ ಪ್ರಸಂಗವನ್ನು ಓದಿದವರು ಮರೆಯಲಾರರು. ಇಂಥವನನ್ನು ಶಾಲೆಯಿಂದ ಹೊರಹಾಕಿದ್ದು ಯಾವ ಅಪರಾಧಕ್ಕೆ? ಕುಡಿದು ಸಿಕ್ಕಿಬಿದ್ದುದಕ್ಕೆ, ಕಿರಿಯರನ್ನು ಪೀಡಿಸಿದುದಕ್ಕಲ್ಲ. ಅವನ ಕಥೆ ಅಲ್ಲಿಗೇ ಮುಗಿಯಲಿಲ್ಲ. 1969ರಲ್ಲಿ ಜಾರ್ಜ್ ಮ್ಯಾಕ್‌ಡೊನಾಲ್ಡ್ ಫ್ರೇಸರ್ ಎಂಬ ಲೇಖಕರು ಅದೇ ಫ್ಲ್ಯಾಷ್‌ಮನ್‌ನನ್ನು ಕಥಾನಾಯಕನನ್ನಾಗಿ ಮಾಡಿಕೊಂಡು ಬರೆಯಲಾರಂಭಿಸಿದರು. 2005ರ ಹೊತ್ತಿಗೆ ಆ ಮಾಲೆಯಲ್ಲಿ 12 ಪುಸ್ತಕಗಳು ಹೊರಬಂದವು. ಹೇಡಿಯೂ ಸ್ತ್ರೀಲೋಲನೂ ಆದ ಆ ಮನುಷ್ಯ ಪದಕಗಳನ್ನು ಗಳಿಸುತ್ತ ಯುದ್ಧದಿಂದ ಯುದ್ಧಕ್ಕೆ ಸಾಗುವುದನ್ನು ಓದುಗರು ನಕ್ಕು ಆನಂದಿಸಿದರು. ಅವನ ಕೈಯಲ್ಲಿ ಪೆಟ್ಟು ತಿಂದ ಕಿರಿಯರಿಗೆ ಹನ್ನೆರಡು ಪುಸ್ತಕಗಳ ಭಾಗ್ಯ ಒದಗಲಿಲ್ಲ.

ಹದಿಹರೆಯದವರ ಕುರಿತ ಕಥೆ, ಕಾದಂಬರಿ, ಚಲನಚಿತ್ರಗಳ ಮೇಲೆ ಹೊರಿಸಬೇಕಾದ ಆರೋಪ ಇಷ್ಟರಲ್ಲೇ ಅಡಗಿದೆ. ಅವು ಪೀಡಕನನ್ನು ಖಂಡಿಸುತ್ತವೆ, ನಿಜ. ಆದರೆ ಖಂಡಿಸುತ್ತಲೇ ಅವನನ್ನು ರಂಗದ ನಡುವೆ ನಿಲ್ಲಿಸಿ, ಬೆಳಕನ್ನೆಲ್ಲ ಅವನ ಮುಖದ ಮೇಲೆ ಚೆಲ್ಲುತ್ತವೆ. ಕೊನೆಯ ಹತ್ತು ನಿಮಿಷದ ಶಿಕ್ಷೆಯಿಂದ ಮೊದಲಿನ ಒಂದೂವರೆ ಗಂಟೆಯ ವೈಭವ ಅಳಿಸಿಹೋಗುವುದೆಂದು ಭಾವಿಸುವುದು ಆತ್ಮವಂಚನೆ.

ಈ ಮಾತಿಗೆ 2004ರ 'ಮೀನ್ ಗರ್ಲ್ಸ್' ಎಂಬ ಅಮೆರಿಕನ್ ಚಿತ್ರಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಅದರ ಮೂಲ ಕಾದಂಬರಿಯಲ್ಲ. ಹೆಣ್ಣುಮಕ್ಕಳ ಗುಂಪುಗಾರಿಕೆಯಿಂದ ಮಗಳನ್ನು ಪಾರುಮಾಡುವ ಬಗೆಯನ್ನು ಕುರಿತು ರೊಸಾಲಿಂಡ್ ವೈಸ್‌ಮನ್ 2002ರಲ್ಲಿ ತಂದೆತಾಯಿಗಳಿಗಾಗಿ ಬರೆದ ಮಾರ್ಗದರ್ಶಿ ಗ್ರಂಥವದು. ಟೀನಾ ಫೇ ಆ ಗ್ರಂಥದಿಂದ ಚಿತ್ರಕಥೆಯನ್ನು ಹೆಣೆದರು. ಶಾಲೆಯ ರಾಣಿ ರೆಜಿನಾ ಜಾರ್ಜ್, ಅವಳ ಸುತ್ತ ಇಬ್ಬರು ಸಖಿಯರು, ಹೊಸದಾಗಿ ಬಂದು ಅವಳನ್ನು ಉರುಳಿಸಹೊರಟು ತಾನೇ ಅವಳಂತಾಗುವ ಕೇಡಿ. ಚಿತ್ರದ ಉದ್ದೇಶ ವಿಡಂಬನೆಯೆಂಬುದರಲ್ಲಿ ಸಂಶಯವಿಲ್ಲ; ಕೊನೆಯಲ್ಲಿ ಕೇಡಿ ತನಗೆ ದೊರೆತ ಕಿರೀಟವನ್ನು ಮುರಿದು ಚೂರುಗಳನ್ನು ಹಂಚುತ್ತಾಳೆ. ಆದರೆ ಉಳಿದದ್ದೇನು? ಬುಧವಾರದಂದು ಗುಂಪಿನವರೆಲ್ಲ ಗುಲಾಬಿ ಬಣ್ಣದ ಉಡುಪನ್ನೇ ತೊಡಬೇಕೆಂಬುದು ಆ ಗುಂಪಿನ ಕಟ್ಟಳೆ. ಇಂಥ ಉಡುಪಿನ ಕಟ್ಟಳೆಯೊಂದನ್ನು ಮೀರಿದಳೆಂಬ ನೆಪದಲ್ಲೇ ರೆಜಿನಾಳನ್ನು ಊಟದ ಮೇಜಿನಿಂದ ಎಬ್ಬಿಸಿ ಕಳುಹಿಸುವ ದೃಶ್ಯವೂ ಚಿತ್ರದಲ್ಲಿದೆ. ಹೊರದೂಡುವ ಆಯುಧವೆಂದು ತೋರಿಸಿದ ಆ ನಿಯಮವೇ ಮುಂದೆ ಅಂಗಿಗಳ ಮೇಲೆ, ಕಾಫಿ ಲೋಟಗಳ ಮೇಲೆ ಅಚ್ಚಾಗಿ ಮಾರಾಟವಾಯಿತು. 2018ರಲ್ಲಿ ಬ್ರಾಡ್‌ವೇ ಸಂಗೀತ ನಾಟಕ, 2024ರಲ್ಲಿ ಅದರ ಚಲನಚಿತ್ರ ರೂಪ. ತಾಯಂದಿರ ಕಳವಳದಿಂದ ಹುಟ್ಟಿದ ಪುಸ್ತಕವೊಂದು ಹೆಣ್ಣುಮಕ್ಕಳು ಅನುಕರಿಸುವ ರಾಣಿಯೊಬ್ಬಳನ್ನು ಹೆತ್ತಿತು. ವೈಸ್‌ಮನ್ ಅವರ ಪುಸ್ತಕವನ್ನು ಓದಿದವರೆಷ್ಟು ಮಂದಿ, ರೆಜಿನಾಳ ಮಾತನ್ನು ಕಂಠಪಾಠ ಮಾಡಿದವರೆಷ್ಟು ಮಂದಿ ಎಂಬುದನ್ನು ಎಣಿಸುವ ಅಗತ್ಯವೇ ಇಲ್ಲ.

ಇದಕ್ಕೆ ಸಿದ್ಧವಾಗಿರುವ ಉತ್ತರವೊಂದಿದೆ: ಅದು ಬರಿಯ ಕಥೆ, ಯಾರಿಗೂ ನಿಜವಾಗಿ ನೋವಾಗಿಲ್ಲ. ಕನ್ನಡದ ಓದುಗನಿಗೆ ಈ ಉತ್ತರ ಹೊಸದಲ್ಲ. 1209ರಲ್ಲಿ ಜನ್ನನು ರಚಿಸಿದ 'ಯಶೋಧರ ಚರಿತೆ'ಯಲ್ಲಿ ತಾಯಿ ಚಂದ್ರಮತಿ ಮಗನಿಗೆ ಹೇಳಿದ್ದೂ ಇಂಥದೇ ಸಮಾಧಾನ. ಜೀವವಿರುವುದನ್ನು ಕೊಲ್ಲಲೊಪ್ಪದ ಯಶೋಧರ ಹಿಟ್ಟಿನ ಕೋಳಿಯ ಮೇಲೆ ಕತ್ತಿಯೆತ್ತಿದ. ಆ ಒಂದು ಸಂಕಲ್ಪಕ್ಕಾಗಿ ತಾಯಿಯೂ ಮಗನೂ ಪ್ರಾಣಿಜನ್ಮಗಳಲ್ಲಿ ಅಲೆದರು. ಹಾಗೆಂದು ಜನ್ನನು ಹಿಂಸೆಯನ್ನು ಬಣ್ಣಿಸದೆ ಬಿಟ್ಟನೇ? ಇಲ್ಲ. ಕೇಳಬೇಕಾದ ಪ್ರಶ್ನೆ ಕ್ರೌರ್ಯವನ್ನು ಬರೆಯಬಹುದೇ ಎಂಬುದಲ್ಲ. ಬರೆದಾಗ ಓದುಗನ ಮನಸ್ಸನ್ನು ಎಲ್ಲಿ ನಿಲ್ಲಿಸಲಾಯಿತು ಎಂಬುದು. ಕತ್ತಿ ಹಿಡಿದ ಕೈಯ ಜೊತೆಗೋ, ನೋಡುತ್ತ ನಿಂತವನ ನಾಚಿಕೆಯ ಜೊತೆಗೋ?

ಹದಿಹರೆಯದವರ ನಡುವಿನ ಜನಪ್ರಿಯತೆ ವಿಚಿತ್ರ ಸಂಪತ್ತು. ಎಲ್ಲರೂ ಮೆಚ್ಚುವ ಹುಡುಗಿ ಬೇರೆ, ಎಲ್ಲರೂ 'ಜನಪ್ರಿಯಳು' ಎಂದು ಬೊಟ್ಟುಮಾಡುವ ಹುಡುಗಿ ಬೇರೆ ಎಂಬುದನ್ನು ಮನಶ್ಶಾಸ್ತ್ರಜ್ಞರು ಬಹುಹಿಂದೆಯೇ ಗುರುತಿಸಿದ್ದಾರೆ. ಎರಡನೆಯವಳನ್ನು ಹಲವರು ಇಷ್ಟಪಡುವುದಿಲ್ಲ, ಆದರೂ ಅವಳ ಮಾತನ್ನು ಮೀರುವುದಿಲ್ಲ. ಈ ಸಂಪತ್ತು ಉಳ್ಳವರ ಕೈಯಲ್ಲಿಲ್ಲ, ಕೊಡುವವರ ಕೈಯಲ್ಲಿದೆ. ಫಿನ್ಲೆಂಡಿನ ಕ್ರಿಸ್ಟೀನಾ ಸಾಲ್ಮಿವಾಲಿ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಧ್ಯಯನವು ತರಗತಿಯ ಮಕ್ಕಳನ್ನು ಪೀಡಕ, ಪೀಡಿತ ಎಂದು ಎರಡೇ ಭಾಗ ಮಾಡದೆ, ಕೈಜೋಡಿಸುವವರು, ನಕ್ಕು ಹುರಿದುಂಬಿಸುವವರು, ದೂರ ಸರಿಯುವವರು, ಬಿಡಿಸಿಕೊಳ್ಳಲು ಬರುವವರು ಎಂದು ವಿಂಗಡಿಸಿತು. ಕೃತ, ಕಾರಿತ, ಅನುಮೋದಿತ ಎಂಬ ವಿಭಾಗವನ್ನು ಬಾಲ್ಯದಿಂದ ಕೇಳುತ್ತ ಬಂದ ಮನೆಗಳಲ್ಲಿ ಇದನ್ನು ಹೊಸ ಶೋಧವೆಂದು ವಿವರಿಸಬೇಕಾಗಿಲ್ಲ.

ಈ ಮೂರನ್ನೂ ಒಂದೇ ಶಾಲೆಯ ಗೋಡೆಗಳೊಳಗೆ ತೋರಿಸಿದ ಕಾದಂಬರಿ ರಾಬರ್ಟ್ ಕಾರ್ಮಿಯರ್ ಅವರ 'ದಿ ಚಾಕೊಲೇಟ್ ವಾರ್' (1974). ಟ್ರಿನಿಟಿ ಎಂಬ ಕ್ಯಾಥೊಲಿಕ್ ಹುಡುಗರ ಶಾಲೆ. ಶಾಲೆಯ ನಿಧಿಗಾಗಿ ಪ್ರತಿಯೊಬ್ಬ ವಿದ್ಯಾರ್ಥಿಯೂ 50 ಪೆಟ್ಟಿಗೆ ಚಾಕೊಲೇಟ್ ಮಾರಬೇಕು. ಒಟ್ಟು 20,000 ಪೆಟ್ಟಿಗೆ. ಜೆರ್ರಿ ರೆನಾಲ್ಟ್ ಎಂಬ ಹುಡುಗ ಮಾರಲಾರೆನೆನ್ನುತ್ತಾನೆ. ಹುಡುಗರ ಗುಪ್ತಕೂಟದ ಸೂತ್ರಧಾರ ಆರ್ಚಿ ಕಾಸ್ಟೆಲೊ ಯಾರ ಮೇಲೂ ಕೈಮಾಡುವವನಲ್ಲ, ಮಾಡಿಸುತ್ತಾನೆ. ಹೊಡೆಯಲು ಎಮಿಲ್ ಜಾನ್ಜಾ ಇದ್ದಾನೆ. ಹೊಡೆತ ಎಲ್ಲಿಗೆ ಬೀಳಬೇಕೆಂದು ಚೀಟಿ ಕೊಂಡು ಬರೆದುಕೊಡಲು ಇಡೀ ಶಾಲೆಯ ಹುಡುಗರಿದ್ದಾರೆ. ಇವರೆಲ್ಲರಿಗಿಂತ ಭಯಂಕರನಾದವನು ಬ್ರದರ್ ಲಿಯಾನ್, ಶಾಲೆಯ ಆಡಳಿತವನ್ನು ಆಗ ನೋಡಿಕೊಳ್ಳುತ್ತಿದ್ದ ಉಪಾಧ್ಯಾಯ. ಚಾಕೊಲೇಟ್ ಮಾರಾಟವಾಗಲೆಂದು ಆ ಗುಪ್ತಕೂಟದ ನೆರವನ್ನು ಕೇಳಿದವನೇ ಅವನು. ಕೊನೆಯ ಹೊಡೆದಾಟವನ್ನು ದೂರದಿಂದ ನಿಂತು ನೋಡಿದವನೂ ಅವನೇ.

ವಿದ್ಯಾಸಂಸ್ಥೆಗಳನ್ನೂ ವಿದ್ಯಾರ್ಥಿನಿಲಯಗಳನ್ನೂ ನಡೆಸುವ ಟ್ರಸ್ಟುಗಳ ಹಿರಿಯರು ಓದಬೇಕಾದ ಪುಟಗಳು ಇವೇ. ಮೇಲ್ವಿಚಾರಕರ ಸಂಬಳ ಉಳಿಯಲೆಂದು, ಅಥವಾ ಗಲಾಟೆ ಇರಬಾರದೆಂದು, ಶಿಸ್ತಿನ ಭಾರವನ್ನು ನಾಲ್ವರು ದೊಡ್ಡ ಹುಡುಗರಿಗೆ ವಹಿಸಿಕೊಟ್ಟ ನಿಲಯ ಎಲ್ಲಿಯೂ ಇಲ್ಲವೆಂದು ಯಾರಾದರೂ ಎದೆಮುಟ್ಟಿ ಹೇಳಬಲ್ಲರೇ? ಊಟದ ಗಂಟೆ ಸರಿಯಾಗಿ ಬಾರಿಸಿತು, ದೀಪ ಸಕಾಲಕ್ಕೆ ಆರಿತು ಎಂಬ ವರದಿಯಿಂದ ತೃಪ್ತರಾದವರು ದೀಪ ಆರಿದ ಮೇಲಿನದನ್ನು ಕೇಳಲಿಲ್ಲ. ಕಾರ್ಮಿಯರ್ ಅವರ ಕಾದಂಬರಿಯಲ್ಲಿ ಜೆರ್ರಿ ಗೆಲ್ಲುವುದಿಲ್ಲ. ನೆಲಕ್ಕುರುಳಿ, ಎದುರು ನಿಲ್ಲುವುದೇ ತಪ್ಪೆಂದು ಗೆಳೆಯನಿಗೆ ಹೇಳಬಯಸುತ್ತಾನೆ. ಅಂತ್ಯವನ್ನು ಬದಲಿಸಿದರೆ ಪ್ರಕಟಿಸುವೆವೆಂದವರಿದ್ದರು, ಲೇಖಕರು ಒಪ್ಪಲಿಲ್ಲ. ಹಿರಿಯರು ಅನುಮೋದಿಸಿದ ಹಿಂಸೆ ಸುಖಾಂತವಾಗುವುದಿಲ್ಲವೆಂದು ಬಲ್ಲವರು ಅವರು.

ಅದೇ 1974ರಲ್ಲಿ ಸ್ಟೀಫನ್ ಕಿಂಗ್ ಅವರ ಮೊದಲ ಪ್ರಕಟಿತ ಕಾದಂಬರಿ 'ಕ್ಯಾರಿ' ಹೊರಬಂತು. ಸಹಪಾಠಿಗಳು ಕ್ಯಾರಿ ವೈಟ್ ಎಂಬ ಹುಡುಗಿಯನ್ನು ಉತ್ಸವದ ವೇದಿಕೆಗೇರಿಸಿ ಅವಳ ಮೇಲೆ ಹಂದಿಯ ರಕ್ತ ಸುರಿಯುತ್ತಾರೆ. ಅವಳು ತನ್ನ ಅಲೌಕಿಕ ಶಕ್ತಿಯಿಂದ ಶಾಲೆಯನ್ನೂ ಊರನ್ನೂ ಸುಡುತ್ತಾಳೆ. ಇಂಥ ಕಥೆಗಳು ನೊಂದವರಿಗೆ ಸಾಂತ್ವನವೆಂಬ ವಾದವಿದೆ. ಸಾಂತ್ವನವಲ್ಲ, ಪಾತ್ರಗಳ ಅದಲುಬದಲು ಅಷ್ಟೆ. ಪೀಡಿತಳ ಮೌಲ್ಯ ಅವಳು ಸುಡಬಲ್ಲಳೆಂಬುದರಲ್ಲಿದ್ದರೆ, ಸುಡಲಾರದ ಮಗುವಿನ ಗತಿಯೇನು? 2007ರಲ್ಲಿ ಜೇ ಆಶರ್ ಬರೆದ 'ಥರ್ಟೀನ್ ರೀಸನ್ಸ್ ವೈ' ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿ ಮರಣ ಹೊಂದಿದ ಹುಡುಗಿಯ ಧ್ವನಿಮುದ್ರಿಕೆಗಳು ತಪ್ಪಿತಸ್ಥರ ಮನೆಬಾಗಿಲಿಗೆ ಬರುತ್ತವೆ. ಬದುಕಿದ್ದಾಗ ಇಲ್ಲದ ಅಧಿಕಾರ ಅವಳಿಗೆ ಸತ್ತ ಮೇಲೆ ದೊರೆಯುತ್ತದೆ. ಎಳೆಯ ಮನಸ್ಸಿಗೆ ಇದಕ್ಕಿಂತ ಅಪಾಯದ ಸುಳ್ಳನ್ನು ಹೇಳುವುದು ಕಷ್ಟ. 2017ರಲ್ಲಿ ನೆಟ್‌ಫ್ಲಿಕ್ಸ್ ಅದನ್ನು ಧಾರಾವಾಹಿಯಾಗಿಸಿ, ವಿವಾದವೆದ್ದ ಎರಡು ವರ್ಷಗಳ ಮೇಲೆ, 2019ರ ಜುಲೈನಲ್ಲಿ, ವೈದ್ಯಕೀಯ ತಜ್ಞರ ಸಲಹೆಯಂತೆ ಸಾವಿನ ದೃಶ್ಯವನ್ನು ತೆಗೆದುಹಾಕಿತು. ಬರಿಯ ಕಥೆಯೇ ಆಗಿದ್ದರೆ ತೆಗೆಯುವ ಪ್ರಮೇಯ ಏಕೆ ಬಂತು?

ಹಾಗಾದರೆ ಇವುಗಳನ್ನೆಲ್ಲ ಮನೆಯಿಂದ ದೂರವಿಡಬೇಕೆನ್ನುವವರಿದ್ದಾರೆ. ಮೊಬೈಲ್ ಫೋನು ಮಕ್ಕಳ ಹಾಸಿಗೆಯವರೆಗೆ ಬಂದಿರುವಾಗ ಈ ಮಾತಿಗೆ ಅರ್ಥವಿಲ್ಲ. ಅದಕ್ಕಿಂತ ಮುಖ್ಯವಾಗಿ, ದೂರವಿಡಹೊರಟವರ ಸಿಟ್ಟು ಸಾಮಾನ್ಯವಾಗಿ ಒಳ್ಳೆಯ ಪುಸ್ತಕದ ಮೇಲೆಯೇ ತಿರುಗಿದೆ. ಜೂಡಿ ಬ್ಲೂಮ್ ಅವರ 'ಬ್ಲಬರ್' (ಅದೂ 1974ರದ್ದೇ) ಹದಿಹರೆಯದ ಹೊಸ್ತಿಲಲ್ಲಿರುವ ಐದನೆಯ ತರಗತಿಯ ಮಕ್ಕಳ ಕಥೆ. ತಿಮಿಂಗಿಲದ ಬಗ್ಗೆ ಪಾಠ ಒಪ್ಪಿಸಿದ ಲಿಂಡಾ ಎಂಬ ದಪ್ಪ ಹುಡುಗಿಗೆ ತಿಮಿಂಗಿಲದ ಕೊಬ್ಬಿನ ಹೆಸರನ್ನೇ ಅಂಟಿಸಿ ತರಗತಿಯೆಲ್ಲ ಕಾಡುತ್ತದೆ. ಕಥೆ ಹೇಳುವವಳು ಜಿಲ್, ಕಾಡಿದವರಲ್ಲಿ ಒಬ್ಬಳು. ಅವಳಿಗೆ ಪಶ್ಚಾತ್ತಾಪದ ಭಾಷಣವಿಲ್ಲ. ಗುಂಪಿನ ನಾಯಕಿ ವೆಂಡಿಗೆ ಶಿಕ್ಷೆಯಿಲ್ಲ. ನಾಯಕಿಯನ್ನು ಎದುರಿಸಿದ ದಿನ ಗೇಲಿಯ ಸರದಿ ಜಿಲ್‌ಳದ್ದಾಗುತ್ತದೆ, ಅಷ್ಟೆ. 1990ರ ದಶಕದಲ್ಲಿ ಅಮೆರಿಕದ ಗ್ರಂಥಾಲಯಗಳಲ್ಲಿ ಅತಿಹೆಚ್ಚು ಆಕ್ಷೇಪಕ್ಕೊಳಗಾದ ಪುಸ್ತಕಗಳ ಪಟ್ಟಿಯಲ್ಲಿ ಇದೂ ಸೇರಿತ್ತು. ಕೆಟ್ಟವರಿಗೆ ಶಿಕ್ಷೆಯಾಗಲಿಲ್ಲವೆಂಬುದು ಆಕ್ಷೇಪಗಳಲ್ಲೊಂದು. ಶಿಕ್ಷಿಸಬೇಕಾದ ದೊಡ್ಡವರು ಆ ಪುಸ್ತಕದಲ್ಲಿ ಏನನ್ನೂ ಗಮನಿಸದೆ ಕುಳಿತಿರುವುದು ಆಕ್ಷೇಪಿಸಿದ ದೊಡ್ಡವರ ಕಣ್ಣಿಗೆ ಬಿದ್ದಂತಿಲ್ಲ.

ಈ ಎಲ್ಲಕ್ಕಿಂತ ಚಿಕ್ಕದೂ ಎಲ್ಲಕ್ಕಿಂತ ಕಠಿಣವೂ ಆದ ಪುಸ್ತಕ ಎಲಿನರ್ ಎಸ್ಟೀಸ್ 1944ರಲ್ಲಿ ಬರೆದ 'ದಿ ಹಂಡ್ರೆಡ್ ಡ್ರೆಸಸ್'. ಒಂದೇ ಸಲಕ್ಕೆ ಕುಳಿತು ಓದಿ ಮುಗಿಸಬಹುದು. ಪೋಲೆಂಡಿನಿಂದ ವಲಸೆ ಬಂದ ಬಡ ಮನೆತನದ ವಾಂಡಾ ಪೆಟ್ರೋನ್ಸ್ಕಿ ದಿನವೂ ಒಂದೇ ಮಾಸಿದ ನೀಲಿ ಉಡುಪನ್ನು ತೊಟ್ಟು ಶಾಲೆಗೆ ಬರುತ್ತಾಳೆ. ಮನೆಯಲ್ಲಿ ತನಗೆ ನೂರು ಉಡುಪುಗಳಿವೆಯೆಂದು ಅವಳು ಒಂದು ದಿನ ಹೇಳಿಬಿಟ್ಟಳು. ಅಂದಿನಿಂದ ಶಾಲೆಯಲ್ಲೇ ಅತ್ಯಂತ ಜನಪ್ರಿಯಳಾದ ಪೆಗ್ಗಿ ಅವಳನ್ನು ದಿನವೂ ತಡೆದು, ಬಲು ವಿನಯದಿಂದ, ಎಷ್ಟು ಉಡುಪುಗಳಿವೆಯೆಂದು ಕೇಳುತ್ತಾಳೆ. ಪೆಗ್ಗಿ ಕ್ರೂರಿಯಲ್ಲ, ಪ್ರಾಣಿಗಳ ನೋವಿಗೆ ಮರುಗುವವಳು. ತಾನು ಮಾಡುತ್ತಿರುವುದು ಹಿಂಸೆಯೆಂದು ಅವಳಿಗೆ ತೋಚುವುದೇ ಇಲ್ಲ. ಇರುವೆಯನ್ನು ತಪ್ಪಿಸಿ ಕಾಲಿಡುವುದನ್ನು ಕಲಿತ ಮನೆಯ ಮಗುವೊಂದು ಬೆಂಚಿನ ಪಕ್ಕದವಳನ್ನು ಮಾತಿನಿಂದ ಇರಿಯಬಹುದೆಂಬ ಸಂಗತಿ ಇಲ್ಲಿ ಎಷ್ಟು ಮೆಲ್ಲಗೆ ಬರುತ್ತದೆ!

ಆದರೆ ಕಥೆ ಪೆಗ್ಗಿಯದಲ್ಲ, ವಾಂಡಾಳದ್ದೂ ಅಲ್ಲ. ಪೆಗ್ಗಿಯ ಗೆಳತಿ ಮ್ಯಾಡಿಯದು. ಮ್ಯಾಡಿಯೂ ಬಡವಳೇ, ಪೆಗ್ಗಿ ತೊಟ್ಟುಬಿಟ್ಟ ಉಡುಪನ್ನು ತೊಡುವವಳು. ಅವಳು ಗೇಲಿ ಮಾಡುವುದಿಲ್ಲ, ಪಕ್ಕದಲ್ಲಿ ನಿಂತಿರುತ್ತಾಳೆ. ಇದನ್ನು ನಿಲ್ಲಿಸೆಂದು ಪೆಗ್ಗಿಗೆ ಚೀಟಿಯೊಂದನ್ನು ಬರೆಯತೊಡಗುತ್ತಾಳೆ. ಮುಂದಿನ ಸರದಿ ತನ್ನದಾದೀತೆಂಬ ಅಂಜಿಕೆಯಿಂದ ಅದನ್ನು ಹರಿದುಹಾಕುತ್ತಾಳೆ. ಆ ಹರಿದ ಚೀಟಿಯಲ್ಲಿ ಶಾಲೆಯ ಅಧಿಕಾರವ್ಯವಸ್ಥೆಯೆಲ್ಲ ಇದೆ. ಒಂದು ದಿನ ವಾಂಡಾ ಬರುವುದಿಲ್ಲ. ಚಿತ್ರಸ್ಪರ್ಧೆಯ ಗೋಡೆಯ ಮೇಲೆ ಅವಳು ಬರೆದ ನೂರು ಉಡುಪುಗಳು, ಒಂದೊಂದೂ ಬೇರೆ ಬೇರೆ, ತೂಗುತ್ತಿವೆ, ಬಹುಮಾನ ಅವಳಿಗೇ. ಕೈಗೆ ಬಂದದ್ದು ಅವಳ ತಂದೆಯ ಪತ್ರ: ಹೆಸರನ್ನು ಹಿಡಿದು ಗೇಲಿ ಮಾಡುವವರಿಲ್ಲದ ದೊಡ್ಡ ಪಟ್ಟಣಕ್ಕೆ ಕುಟುಂಬ ಹೊರಟುಹೋಗಿದೆ. ಎಸ್ಟೀಸ್ ತಮ್ಮ ಬಾಲ್ಯದ ಸಹಪಾಠಿಯೊಬ್ಬಳನ್ನು ನೆನೆದು ಇದನ್ನು ಬರೆದರು.

ಇಲ್ಲಿ ಬಸ್ಸು ಬಂದು ಯಾರಿಗೂ ಬಡಿಯುವುದಿಲ್ಲ, ಊರು ಸುಡುವುದಿಲ್ಲ, ಕಿರೀಟ ಮುರಿಯುವುದಿಲ್ಲ. ಹುಡುಗಿಯರಿಬ್ಬರೂ ವಾಂಡಾಳಿಗೆ ಪತ್ರ ಬರೆಯುತ್ತಾರೆ. ಅದರಲ್ಲೂ ಕ್ಷಮಿಸೆಂಬ ಮಾತನ್ನು ನೇರವಾಗಿ ಬರೆಯಲಾರರು. ಬಹುದಿನಗಳ ಮೇಲೆ ಉತ್ತರ ಬರುತ್ತದೆ, ಇಬ್ಬರಿಗೂ ಒಂದೊಂದು ಚಿತ್ರವನ್ನು ಕೊಡಬೇಕೆಂದು. ಮ್ಯಾಡಿ ತನ್ನ ಪಾಲಿನ ಚಿತ್ರವನ್ನು ಮನೆಗೆ ಕೊಂಡೊಯ್ದು ಗೋಡೆಗೆ ಅಂಟಿಸಿ ನೋಡುತ್ತ ನಿಂತಾಗ, ಉಡುಪಿನ ಮೇಲಿನ ಮುಖ ತನ್ನದೇ ಎಂದು ಅವಳಿಗೆ ಗೊತ್ತಾಗುತ್ತದೆ. ಓಡಿಹೋಗಿ ನೋಡಿದರೆ ಪೆಗ್ಗಿಯ ಚಿತ್ರದಲ್ಲಿ ಪೆಗ್ಗಿಯ ಮುಖ. ವಾಂಡಾಳಿಗೆ ತಮ್ಮ ಮೇಲೆ ಪ್ರೀತಿಯೇ ಇದ್ದಿರಬೇಕೆಂದು ಪೆಗ್ಗಿ ನಿಶ್ಚಿಂತಳಾಗುತ್ತಾಳೆ. ಮ್ಯಾಡಿ ಹೌದೆನ್ನುತ್ತಾಳೆ, ಆದರೆ ಅವಳ ಕಣ್ಣ ಮುಂದೆ ಶಾಲೆಯ ಬಿಸಿಲಿನ ಗೋಡೆಯೂ ಅದಕ್ಕೊರಗಿ ಒಬ್ಬಳೇ ನಿಂತ ಹುಡುಗಿಯೂ ಮತ್ತೆ ಮತ್ತೆ ಬರುತ್ತಾರೆ.