ಬಸ್ಸಿನಲ್ಲಿ ವಾಕರಿಕೆಯೇ?

ಮುಳಬಾಗಿಲು, ಶ್ರೀನಿವಾಸಪುರದಿಂದ ಹೊರಟ ಪ್ರವಾಸದ ಬಸ್ಸು ತಿರುಮಲೆಯ ಘಾಟ್ ರಸ್ತೆ ಹತ್ತತೊಡಗಿದೊಡನೆ ಕೆಲವು ಮಕ್ಕಳಿಗೆ ಹೊಟ್ಟೆ ತೊಳಸುತ್ತದೆ. ದೇಹ ಓಲಾಡುತ್ತಿದೆ ಎಂದು ಒಳಕಿವಿ ಹೇಳಿದರೆ, ಪುಸ್ತಕದಲ್ಲಿ ನೆಟ್ಟ ಕಣ್ಣು ಇಲ್ಲವೆನ್ನುತ್ತದೆ. ಮಿದುಳಿಗೆ ಈ ತಕರಾರೇ ತಲೆನೋವು! ಅಜ್ಜಿ ಕೊಡುವ ಶುಂಠಿ ಕಂಡು ನಗಬೇಡಿ. 1982ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ತಿರುಗುವ ಕುರ್ಚಿಯಲ್ಲಿ ಕುಳಿತವರಿಗೆ ಸುಮಾರು 1 ಗ್ರಾಂ ಒಣಶುಂಠಿ ಪುಡಿಯು ವಾಂತಿ ತಡೆಯುವ ಮಾತ್ರೆಗಿಂತ ಹೆಚ್ಚು ನೆರವಾಯಿತು. ನಂತರದ ಪ್ರಯೋಗಗಳೆಲ್ಲವೂ ಇದನ್ನು ಒಪ್ಪಿಲ್ಲ, ನಿಜ. ಆದರೂ ಹೊರಡುವ ಅರ್ಧ ಗಂಟೆ ಮೊದಲು ಚೂರು ಶುಂಠಿಯನ್ನು ಬೆಲ್ಲದೊಡನೆ ಅಗಿದು ನೋಡಿ. ಹೊಟ್ಟೆ ಬಿರಿಯ ಪೂರಿ ತಿಂದು ಬಸ್ಸು ಹತ್ತಬೇಡಿ. ಕಿಟಕಿಯಿಂದ ದೂರದ ಬೆಟ್ಟ ನೋಡಿ. ಮಗುವಿನ ತಲೆಗೆ ಪೆಟ್ಟುಬಿದ್ದು ವಾಂತಿಯಾದರೆ ಮಾತ್ರ ಶುಂಠಿ ಹುಡುಕುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.