ಹೂಂ, ಊಹೂಂ ಮತ್ತು ಅಪ್ಪನ ಸ್ಕೂಟರ್

ಕಳೆದ ತಿಂಗಳು ಈ ಅಂಕಣ ಬರಲಿಲ್ಲ. ‘ಎಲ್ಲಿ ಹೋದಿರಿ?’ ಅಂತ ಕೇಳಿದವರಿಗೆಲ್ಲ ಇದೇ ಉತ್ತರ: ಅಪ್ಪನಿಗೆ ಸ್ಟ್ರೋಕ್ ಆಗಿತ್ತು. ಈಗ ಪರವಾಗಿಲ್ಲ. ಬಲಗೈ ಸ್ವಲ್ಪ ಏಳುತ್ತಿದೆ, ಕೋಲು ಹಿಡಿದು ನಾಲ್ಕು ಹೆಜ್ಜೆ ಹಾಕುತ್ತಾರೆ. ಮಾತು ಮಾತ್ರ ಇನ್ನೂ ಪೂರ್ತಿ ಬಂದಿಲ್ಲ. ಆದರೆ ಇವತ್ತು ನಾನು ಬರೆಯಲು ಹೊರಟಿದ್ದು ಕಾಯಿಲೆ ಬಗ್ಗೆ ಅಲ್ಲ, ಒಂದು ಹಳೇ ಟಿವಿ ಕಾರ್ಯಕ್ರಮದ ಬಗ್ಗೆ. ಎರಡಕ್ಕೂ ಏನು ಸಂಬಂಧ ಅಂತೀರಾ? ಸ್ವಲ್ಪ ತಾಳಿ.

ಆಸ್ಪತ್ರೆಯಿಂದ ಬೆಂಗಳೂರಿನ ನಮ್ಮ ಮನೆಗೆ ಕರೆತಂದ ಮೇಲೆ ರಾತ್ರಿ ಕಾವಲು ನನಗೂ ಅಮ್ಮನಿಗೂ ಪಾಳಿ. ಒಂದು ಗಂಟೆವರೆಗೆ ಅಮ್ಮ, ಆಮೇಲೆ ನಾನು. ಅಪ್ಪನ ಮಂಚದ ಪಕ್ಕ ಚಾಪೆ ಹಾಕಿಕೊಂಡು, ನಿದ್ದೆ ಬಾರದಿರಲಿ ಅಂತ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಯೂಟ್ಯೂಬ್ ತಿರುಗಿಸುತ್ತಿದ್ದೆ. ಹಾಗೆ ಒಂದು ರಾತ್ರಿ ಕಣ್ಣಿಗೆ ಬಿದ್ದದ್ದು ‘ವಾಟ್ಸ್ ಮೈ ಲೈನ್?’ ಅನ್ನುವ ಕಪ್ಪು ಬಿಳುಪು ಕಾರ್ಯಕ್ರಮ. ‘ನನ್ನ ಕಸುಬು ಯಾವುದು ಹೇಳಿ’ ಅಂತ ಅರ್ಥ. ಅಮೆರಿಕದ ಸಿಬಿಎಸ್ ಚಾನೆಲ್‌ನಲ್ಲಿ 1950ರ ಫೆಬ್ರವರಿಯಲ್ಲಿ ಶುರುವಾಗಿ 1967ರ ಸೆಪ್ಟೆಂಬರ್‌ವರೆಗೆ ನಡೆಯಿತು. ಬಹುಕಾಲ ಭಾನುವಾರ ರಾತ್ರಿ ಹತ್ತೂವರೆಗೆ, ನ್ಯೂಯಾರ್ಕ್‌ನಿಂದ, ಹೆಚ್ಚಾಗಿ ನೇರ ಪ್ರಸಾರ. ನಾನು ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲೇ ಮುಗಿದುಹೋದ ಕಾರ್ಯಕ್ರಮ. ಆದರೂ ನಾಲ್ಕನೇ ಕಂತು ನೋಡುವ ಹೊತ್ತಿಗೆ ನಮ್ಮ ಮನೆಯಲ್ಲೇ ಯಾವತ್ತೋ ನೋಡಿದ್ದೆ ಅನ್ನಿಸುವಷ್ಟು ಹತ್ತಿರವಾಗಿಬಿಟ್ಟಿತ್ತು.

ಆಟ ಸರಳ. ನಾಲ್ಕು ಜನರ ಪ್ಯಾನೆಲ್. ಗಂಡಸರು ಕಪ್ಪು ಬೋ ಟೈ ಕಟ್ಟಿ, ಹೆಂಗಸರು ಉದ್ದನೆ ಗೌನ್ ತೊಟ್ಟು ಮದುವೆ ಮನೆಗೆ ಬಂದಂತೆ ಕೂತಿರುತ್ತಾರೆ. ನಟಿ ಆರ್ಲೀನ್ ಫ್ರಾನ್ಸಿಸ್, ಪತ್ರಕರ್ತೆ ಡೊರೊಥಿ ಕಿಲ್‌ಗ್ಯಾಲನ್, ಪುಸ್ತಕ ಪ್ರಕಾಶಕ ಬೆನೆಟ್ ಸೆರ್ಫ್, ಈ ಮೂವರು ಖಾಯಂ. ನಾಲ್ಕನೇ ಕುರ್ಚಿಗೆ ಬೇರೆ ಬೇರೆಯವರು. ಅತಿಥಿ ಬಂದು ಹಲಗೆ ಮೇಲೆ ಸೀಮೆಸುಣ್ಣದಲ್ಲಿ ಹೆಸರು ಬರೆಯುತ್ತಾರೆ. ಪ್ಯಾನೆಲ್‌ನವರು ಒಂದೊಂದೇ ಪ್ರಶ್ನೆ ಕೇಳಬೇಕು. ಉತ್ತರ ‘ಹೌದು’ ಅಥವಾ ‘ಇಲ್ಲ’ ಮಾತ್ರ. ಒಂದು ‘ಇಲ್ಲ’ ಬಂದರೆ ಅತಿಥಿಗೆ ಐದು ಡಾಲರ್, ಸರದಿ ಮುಂದಿನವರಿಗೆ. ಹತ್ತು ‘ಇಲ್ಲ’ ಆದರೆ ಅತಿಥಿ ಗೆದ್ದಂತೆ. ಒಟ್ಟು ಬಹುಮಾನ ಬರೀ ಐವತ್ತು ಡಾಲರ್.

ಮೊದಲು ಬರುತ್ತಿದ್ದವರು ಸಾಮಾನ್ಯ ಜನ, ಆದರೆ ವಿಚಿತ್ರ ಕಸುಬಿನವರು. ಆಮೇಲೆ ಪ್ಯಾನೆಲ್‌ನವರೆಲ್ಲ ಕಣ್ಣಿಗೆ ಪಟ್ಟಿ ಕಟ್ಟಿಕೊಳ್ಳುತ್ತಿದ್ದರು. ಆಗ ಬರುತ್ತಿದ್ದವರೇ ‘ಮಿಸ್ಟರಿ ಗೆಸ್ಟ್’. ಸಿನಿಮಾ ನಟರು, ಗಾಯಕರು, ಆಟಗಾರರು, ರಾಜಕಾರಣಿಗಳು. ಮೊಟ್ಟಮೊದಲ ಮಿಸ್ಟರಿ ಗೆಸ್ಟ್ ಬೇಸ್‌ಬಾಲ್ ಆಟಗಾರ ಫಿಲ್ ರಿಝುಟೊ. ಪ್ರೇಕ್ಷಕರಿಗೆ ಯಾರು ಅಂತ ಕಾಣುತ್ತೆ, ಚಪ್ಪಾಳೆ, ಸಿಳ್ಳೆ. ಕಣ್ಣು ಕಟ್ಟಿಕೊಂಡು ಕೂತ ನಾಲ್ವರಿಗೆ ಮಾತ್ರ ಗೊತ್ತಿಲ್ಲ. ದನಿ ಕೇಳಿ ಹಿಡಿದುಬಿಡುತ್ತಾರೆ ಅಂತ ದೊಡ್ಡ ದೊಡ್ಡವರೆಲ್ಲ ಮಕ್ಕಳ ಹಾಗೆ ದನಿ ಬದಲಿಸುತ್ತಿದ್ದರು. ಎಲಿಜಬೆತ್ ಟೇಲರ್ ಕೀರಲು ದನಿ ತೆಗೆದರು. ಕೆಲವರಂತೂ ಬರೀ ‘ಹೂಂ’, ‘ಊಹೂಂ’ ಅಂತ ಗುರುಗುಟ್ಟಿಯೇ ಆಟ ಮುಗಿಸುತ್ತಿದ್ದರು.

1957ರಲ್ಲಿ ಚಿತ್ರಕಾರ ಸಾಲ್ವಡಾರ್ ಡಾಲಿ ಬಂದ ಕಂತು ನನಗೆ ಬಹಳ ಇಷ್ಟ. ಆ ಮನುಷ್ಯ ಏನು ಕೇಳಿದರೂ ಹೌದು ಅನ್ನುತ್ತಾನೆ. ಪಾಪ, ಪ್ಯಾನೆಲ್‌ನವರಿಗೆ ತಲೆ ಕೆಟ್ಟುಹೋಗುತ್ತೆ. ಅದಕ್ಕೆ ತದ್ವಿರುದ್ಧ 1963ರ ಒಂದು ಕಂತು. ಕರಿದ ಕೋಳಿ ಮಾರುವ ಕರ್ನಲ್ ಸ್ಯಾಂಡರ್ಸ್ ಬಂದಾಗ ಯಾರೂ ಕಣ್ಣಿಗೆ ಪಟ್ಟಿಯನ್ನೇ ಕಟ್ಟಿಕೊಂಡಿರಲಿಲ್ಲ. ಇವತ್ತು ನಮ್ಮ ಓಣಿಯ ಮಗುವೂ ಗುರುತಿಸುವ ಆ ಬಿಳಿ ಗಡ್ಡವನ್ನು ಅವರು ಎದುರಿಗೇ ಕಂಡರೂ ಗುರುತಿಸಲಿಲ್ಲ!

ಈಗಿನ ಟಿವಿಯಲ್ಲಿ ಸ್ಟಾರ್‌ಗಳು ಬರೋದೇ ಹೊಸ ಸಿನಿಮಾ ಟ್ರೇಲರ್ ಹಿಡಿದುಕೊಂಡು, ಆ ಕಾಲ ಹಾಗಿರಲಿಲ್ಲ ಅಂತ ಬರೆದರೆ ಚೆನ್ನಾಗಿರುತ್ತೆ. ಆದರೆ ಅದು ಸುಳ್ಳಾಗುತ್ತೆ. ಆಗಲೂ ಎಷ್ಟೋ ಜನ ಬರುತ್ತಿದ್ದದ್ದು ಹೊಸ ಸಿನಿಮಾ, ನಾಟಕದ ಪ್ರಚಾರಕ್ಕೇ. ಈ ವಾರ ಊರಲ್ಲಿ ಯಾರ ನಾಟಕ ಶುರು ಅಂತ ಲೆಕ್ಕ ಹಾಕಿಯೇ ಪ್ಯಾನೆಲ್‌ನವರು ಎಷ್ಟೋ ಸಲ ಹೆಸರು ಹಿಡಿಯುತ್ತಿದ್ದರು. ನನಗೆ ಹಿಡಿಸಿದ್ದು ಬೇರೆ. ಎಷ್ಟೇ ದೊಡ್ಡವರಾದರೂ ಆ ಕೆಲವು ನಿಮಿಷ ಅವರ ಮುಖ ಲೆಕ್ಕಕ್ಕಿಲ್ಲ. ಎದುರಿಗಿರುವವರು ಏನನ್ನೂ ಮೊದಲೇ ಅಂದುಕೊಳ್ಳದೆ, ಸೊನ್ನೆಯಿಂದ ಶುರು ಮಾಡಿ, ‘ನೀವು ಯಾರು?’ ಅಂತ ತಾಳ್ಮೆಯಿಂದ ಕೇಳಬೇಕು.

ಇನ್ನೊಬ್ಬರ ಬಗ್ಗೆ ಹೇಳಲೇಬೇಕು, ನಿರೂಪಕ ಜಾನ್ ಚಾರ್ಲ್ಸ್ ಡೇಲಿ. ಮೂಲತಃ ಸುದ್ದಿಗಾರರು. 1941ರಲ್ಲಿ ಪರ್ಲ್ ಹಾರ್ಬರ್ ಮೇಲಿನ ದಾಳಿಯ ಸುದ್ದಿ, 1945ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ತೀರಿಕೊಂಡ ಸುದ್ದಿ, ಎರಡನ್ನೂ ಸಿಬಿಎಸ್ ರೇಡಿಯೊದಲ್ಲಿ ಓದಿದ ದನಿ ಅವರದ್ದು. 1953ರಲ್ಲಿ ಅದೇ ರೂಸ್‌ವೆಲ್ಟರ ಹೆಂಡತಿ ಎಲಿನಾರ್ ಮಿಸ್ಟರಿ ಗೆಸ್ಟ್ ಆಗಿ ಬಂದು ಅವರ ಪಕ್ಕದಲ್ಲೇ ಕೂತರು. ಡೇಲಿಯವರ ಕೆಲಸ ಅತಿಥಿಯನ್ನು ಕಾಯುವುದು. ‘ಹೌದು’ ಅಂದರೆ ಪೂರ್ತಿ ಸರಿಯಲ್ಲ, ‘ಇಲ್ಲ’ ಅಂದರೆ ದಾರಿ ತಪ್ಪುತ್ತೆ ಅನ್ನುವಂಥ ಪ್ರಶ್ನೆ ಬಂದರೆ ಅತಿಥಿಯ ಕಿವಿಯಲ್ಲಿ ಪಿಸುಗುಟ್ಟಿ ಮಾತಾಡಿಕೊಂಡು, ಆಮೇಲೆ ಪ್ಯಾನೆಲ್‌ಗೆ ಉದ್ದುದ್ದ ವಾಕ್ಯಗಳಲ್ಲಿ ವಿವರಿಸುತ್ತಿದ್ದರು. ಎಷ್ಟೋ ಸಲ ಇನ್ನೂ ಹತ್ತು ‘ಇಲ್ಲ’ ಆಗುವ ಮೊದಲೇ ಉಳಿದ ಕಾರ್ಡ್‌ಗಳನ್ನೆಲ್ಲ ತಾವೇ ಮಗುಚಿ ಅತಿಥಿಯನ್ನು ಗೆಲ್ಲಿಸಿಬಿಡುತ್ತಿದ್ದರು.

ಇನ್ನು ನಮ್ಮ ಮನೆಗೆ ಬರೋಣ. ಅಪ್ಪನಿಗೆ ನಾವು ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು, ಆದರೆ ಹೇಳಬೇಕಾದ ಪದ ನಾಲಿಗೆಗೆ ಬರುತ್ತಿರಲಿಲ್ಲ. ಬರುತ್ತಿದ್ದದ್ದು ‘ಹೂಂ’, ‘ಊಹೂಂ’, ‘ಅದು’, ಇಷ್ಟೇ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟ ಮೇಷ್ಟ್ರು! ಸ್ಪೀಚ್ ಥೆರಪಿಸ್ಟ್ ನಮಗೆ ಹೇಳಿಕೊಟ್ಟದ್ದು ಹೀಗೆ: ಹೂಂ, ಊಹೂಂ ಅಂತ ಉತ್ತರಿಸಬಹುದಾದ ಚಿಕ್ಕ ಪ್ರಶ್ನೆ ಕೇಳಿ. ಒಂದು ಸಲಕ್ಕೆ ಒಂದೇ. ಉತ್ತರಕ್ಕೆ ಕಾಯಿರಿ, ಅವಸರ ಮಾಡಬೇಡಿ. ಕೆಲವೊಮ್ಮೆ ಹೂಂ, ಊಹೂಂ ಅದಲು ಬದಲಾಗಬಹುದು, ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಳ್ಳಿ.

ಒಂದು ಸಂಜೆ ಅಪ್ಪ ಎಡಗೈ ಎತ್ತಿ ‘ಅದು… ಅದು…’ ಅಂದರು. ಮಣಿಕಟ್ಟನ್ನು ಆಚೆ ಈಚೆ ತಿರುಗಿಸಿ ತೋರಿಸಿದರು. ನಾವು ಶುರು ಮಾಡಿದೆವು.

‘ನಲ್ಲಿ ತಿರುಗಿಸಬೇಕಾ? ನೀರಾ?’

‘ಊಹೂಂ.’

‘ಫ್ಯಾನ್ ಜೋರು ಮಾಡ್ಬೇಕಾ?’

‘ಊಹೂಂ.’

ಬಾಗಿಲ ಬೀಗ, ಮಾತ್ರೆ ಡಬ್ಬಿ, ಬಾತ್‌ರೂಮು, ಟಿವಿ, ಕೈ ನೋವು, ಎಲ್ಲಾ ಕೇಳಿ ಆಯಿತು. ಏಳು ‘ಊಹೂಂ’ ಆದವು. ಅಪ್ಪ ಕೈ ಕೆಳಗಿಳಿಸಿ ಗೋಡೆ ಕಡೆ ತಿರುಗಿಕೊಂಡರು. ಅವರ ಕಣ್ಣಲ್ಲಿ ನೀರು. ಅದಕ್ಕಿಂತ ಹಿಂದಿನ ದಿನವೂ ಹೀಗೇ ಆಗಿತ್ತು, ನಾವು ಅರ್ಧಕ್ಕೇ ‘ಇರ್ಲಿ ಬಿಡಿ, ನಾಳೆ ನೋಡೋಣ’ ಅಂದುಬಿಟ್ಟಿದ್ದೆವು.

ನನ್ನ ಕೆಲಸ ಸಾಫ್ಟ್‌ವೇರು. ಹೌದು, ಇಲ್ಲ ಅನ್ನುವ ಒಂದು ಒಳ್ಳೇ ಪ್ರಶ್ನೆ ಉಳಿದ ಸಾಧ್ಯತೆಗಳನ್ನು ಅರ್ಧ ಮಾಡುತ್ತೆ, ಇಪ್ಪತ್ತೇ ಪ್ರಶ್ನೆಯಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ವಸ್ತುಗಳಲ್ಲಿ ಒಂದನ್ನು ಹುಡುಕಬಹುದು ಅಂತ ಕಾಲೇಜಿನಲ್ಲೇ ಓದಿದ್ದೆ. ಆದರೆ ಆ ಸಂಜೆ ನೆನಪಾದದ್ದು ಕಾಲೇಜಲ್ಲ, ಸ್ಟೀವ್ ಆ್ಯಲೆನ್. ಸ್ವಲ್ಪ ಕಾಲ ಆ ಪ್ಯಾನೆಲ್‌ನಲ್ಲಿದ್ದ ಹಾಸ್ಯಗಾರ. ವಸ್ತು ಯಾವುದು ಅಂತ ತಿಳಿಯದಿದ್ದಾಗ ‘ಅದು ಬ್ರೆಡ್ ಇಡುವ ಡಬ್ಬಕ್ಕಿಂತ ದೊಡ್ಡದಾ?’ ಅಂತ ಕೇಳಿ ಆ ಪ್ರಶ್ನೆಯನ್ನು ಅಮೆರಿಕದಲ್ಲೆಲ್ಲ ಮನೆಮಾತು ಮಾಡಿದವರು. ನಾನು ಮಂಚದ ಆ ಕಡೆಗೆ ಹೋಗಿ ಕೂತೆ.

‘ಅಪ್ಪ, ಅದು ಈ ಮನೇಲಿ ಇದ್ಯಾ?’

‘ಊಹೂಂ.’ ಎಂಟು.

‘ಅರಸೀಕೆರೇಲಿ ಇದ್ಯಾ?’

ಅಪ್ಪ ತಟ್ಟನೆ ತಿರುಗಿದರು. ‘ಹೂಂ.’

‘ನಮ್ಮನೆ ಹಿಟ್ಟಿನ ಡಬ್ಬಕ್ಕಿಂತ ದೊಡ್ಡದಾ?’

ಇವನಿಗೇನಾಯ್ತು ಅನ್ನುವ ಹಾಗೆ ನೋಡಿದರು. ಆಮೇಲೆ, ‘ಹೂಂ!’

‘ಮನೆ ಒಳಗಿದ್ಯಾ?’

‘ಊಹೂಂ.’ ಒಂಬತ್ತು.

‘ಹಾಗಾದ್ರೆ ಹೊರಗೆ, ತೆಂಗಿನ ಮರದ ಹತ್ರ?’

ಅಪ್ಪ ತಡೆದು ತಡೆದು ‘ಹೂ…’ ಅಂದರು. ನಾನು ತೆಂಗಿನಕಾಯಿ, ಪಂಪ್‌ಸೆಟ್ಟು ಅಂತ ಹೊರಟೇಬಿಟ್ಟೆ. ಅಷ್ಟರಲ್ಲಿ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅಮ್ಮ, ‘ತಡಿಯೋ. ಅದು ಪೂರ್ತಿ ಹೂಂ ಅಲ್ಲ. ಹೊರಗೆ ಅನ್ನೋದಕ್ಕೆ ಹೂಂ, ತೆಂಗಿನ ಮರಕ್ಕಲ್ಲ. ಎರಡು ಪ್ರಶ್ನೆ ಒಟ್ಟಿಗೆ ಕೇಳ್ಬೇಡ’ ಅಂದಳು. ಥೇಟ್ ಜಾನ್ ಡೇಲಿ!

‘ಸರಿ. ಮನೆಯಿಂದ ದೂರ ಇದ್ಯಾ?’

‘ಹೂಂ.’

‘ಸ್ಟೇಷನ್ ಹತ್ರಾನಾ?’

‘ಹೂಂ, ಹೂಂ, ಹೂಂ!’ ಮತ್ತೆ ಎಡಗೈ ಮಣಿಕಟ್ಟು ಆಚೆ ಈಚೆ.

‘ಅಯ್ಯೋ ರೀ, ಸ್ಕೂಟರಾ!’ ಅಂತ ಅಮ್ಮನೇ ಕೂಗಿದಳು.

ಆಗ ಎಲ್ಲ ಹೊಳೆಯಿತು. ಅಮ್ಮ ಒಂದು ವಾರ ಮೊದಲೇ ನಮ್ಮ ಮನೆಗೆ ಬಂದಿದ್ದಳು. ಅಪ್ಪ ಆಮೇಲೆ ಒಬ್ಬರೇ ಹೊರಟವರು ತಮ್ಮ ಹಳೇ ಬಜಾಜ್ ಚೇತಕ್ಕನ್ನು ಅರಸೀಕೆರೆ ರೈಲ್ವೆ ಸ್ಟೇಷನ್ನಿನ ಗಾಡಿ ಸ್ಟ್ಯಾಂಡಿನಲ್ಲಿ ಬಿಟ್ಟು ರೈಲು ಹತ್ತಿದ್ದರು. ಎರಡೇ ದಿನದಲ್ಲಿ ವಾಪಸ್ ಹೋಗುವ ಲೆಕ್ಕ. ಬಂದ ಮರುದಿನ ಬೆಳಗ್ಗೆಯೇ ಸ್ಟ್ರೋಕ್. ಆ ಗಲಾಟೆಯಲ್ಲಿ ಸ್ಕೂಟರ್ ಯಾರಿಗೂ ನೆನಪಿಲ್ಲ, ಅವರೊಬ್ಬರಿಗೆ ಬಿಟ್ಟು. ಮಣಿಕಟ್ಟು ತಿರುಗಿಸುತ್ತಿದ್ದದ್ದು ನಲ್ಲಿಯಲ್ಲ, ಗೇರು. ಚೇತಕ್‌ನ ಗೇರು ಎಡಗೈಯಲ್ಲೇ ಅಲ್ಲವೇ? ಒಬ್ಬ ಎಂಜಿನಿಯರ್ ಮಗನಿಗೆ ಅಷ್ಟೂ ಹೊಳೆಯಲಿಲ್ಲ.

ಭಾನುವಾರ ಕೀಲಿ ತಗೊಂಡು ಅರಸೀಕೆರೆಗೆ ಹೋದೆ. ಸ್ಟ್ಯಾಂಡಿನವನು ಮಳೆ ಬೀಳದಿರಲಿ ಅಂತ ಸೀಟಿನ ಮೇಲೆ ಗೋಣಿ, ಪ್ಲಾಸ್ಟಿಕ್ಕು ಹೊದಿಸಿದ್ದ. ‘ನಮ್ ಮೇಷ್ಟ್ರ ಗಾಡಿ, ಗೊತ್ತು’ ಅಂದ. ಆಮೇಲೆ 26 ದಿನದ ಬಾಡಿಗೆಯನ್ನು ಒಂದು ಪೈಸೆ ಬಿಡದೆ ತಗೊಂಡ. ‘ಲೆಕ್ಕ ಕಲಿಸಿದ್ದೇ ಅವರಲ್ವಾ ಸಾರ್’ ಅಂತ ನಕ್ಕ. ಇದನ್ನು ಬಂದು ಹೇಳಿದಾಗ ಅಪ್ಪ ದನಿ ತೆಗೆದು ನಕ್ಕರು. ಸ್ಟ್ರೋಕ್ ಆದಮೇಲೆ ಅದೇ ಮೊದಲ ಸಲ.

ಆ ರಾತ್ರಿ ಚಾಪೆ ಮೇಲೆ ಕೂತು ಯೋಚಿಸಿದೆ. ನಾವು ಇಪ್ಪತ್ತಾರು ದಿನ ಕೇಳಿದ್ದು ರೋಗಿಗೆ ಕೇಳುವ ಪ್ರಶ್ನೆಗಳನ್ನೇ. ನೀರು, ಮಾತ್ರೆ, ಬಾತ್‌ರೂಮು. ಅವರಿಗೆ ಮಂಚದಿಂದಾಚೆ ಒಂದು ಊರಿದೆ, ಗಾಡಿ ಇದೆ, ದಿನದಿನಕ್ಕೆ ಏರುತ್ತಿರುವ ಬಾಡಿಗೆಯ ಚಿಂತೆ ಇದೆ ಅಂತ ನಮಗೆ ಅನ್ನಿಸಲೇ ಇಲ್ಲ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡಿದ್ದ ಆ ನಾಲ್ವರು ನಮಗಿಂತ ಚೆನ್ನಾಗಿ ಕೇಳುತ್ತಿದ್ದರು. ನಿಮ್ಮ ಮನೆಯಲ್ಲೂ ಮಾತು ಕಳೆದುಕೊಂಡ ಹಿರಿಯರಿದ್ದರೆ, ಒಂದು ದಿನ ನೀರು, ಮಾತ್ರೆ ಬಿಟ್ಟು ಬೇರೇನಾದರೂ ಕೇಳಿ ನೋಡಿ.

‘ವಾಟ್ಸ್ ಮೈ ಲೈನ್?’ ಕೊನೆಯ ಕಂತು ಪ್ರಸಾರವಾದದ್ದು 1967ರ ಸೆಪ್ಟೆಂಬರ್ 3ರಂದು. ಅವತ್ತಿನ ಮಿಸ್ಟರಿ ಗೆಸ್ಟ್ ಯಾರು ಗೊತ್ತೇ? ಜಾನ್ ಡೇಲಿಯೇ! ಹದಿನೇಳು ವರ್ಷ ಬೇರೆಯವರ ಉತ್ತರಗಳನ್ನು ಕಾಯ್ದವರು ಕೊನೆಗೆ ತಾವೇ ಅತಿಥಿಯ ಕುರ್ಚಿಯಲ್ಲಿ ಕೂತರು.

ಅದನ್ನು ನೋಡಿದ ಮರುದಿನ ಅಮ್ಮನನ್ನು ಅಪ್ಪನ ಮಂಚದ ಪಕ್ಕ ಕೂರಿಸಿದೆ. ‘ಅಮ್ಮ, ಇವತ್ತು ನಿನ್ನ ಸರದಿ. ಹೂಂ, ಊಹೂಂ ಅಷ್ಟೇ ಹೇಳ್ಬೇಕು. ನಿನಗೇನೋ ಬೇಕು, ಹೌದಾ?’

‘ಹಾಲು ಒಲೆ ಮೇಲಿದೆ ಕಣೋ’ ಅಂತ ಏಳಲು ಹೋದಳು. ಅಪ್ಪ ಎಡಗೈಯಲ್ಲಿ ಅವಳ ಸೆರಗು ಹಿಡಿದುಕೊಂಡರು. ಹಾಲಿನ ಒಲೆ ನಾನೇ ಆರಿಸಿ ಬಂದೆ.

‘ಅದು ಈ ಮನೇಲಿ ಇದ್ಯಾ?’

ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಊಹೂಂ’ ಅಂದಳು.

‘ಅರಸೀಕೆರೆಗೆ ಹೋಗ್ಬೇಕಾ?’

ಅಮ್ಮ ಉತ್ತರ ಹೇಳುವ ಮೊದಲೇ ಅಪ್ಪ ‘ಹೂಂ’ ಅಂದರು. ಅದು ಪೂರ್ತಿ ಹೂಂ, ಅದನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಮುಂದಿನ ಶನಿವಾರ ಮೂವರೂ ಹೊರಟಿದ್ದೇವೆ.