ಉದುರಿದ ಎಲೆಗೆ ಬೆಂಕಿ ಬೇಡ

ಶಿವರಾತ್ರಿ ಸಮೀಪಿಸುತ್ತಿದ್ದಂತೆ ನಸುಕಿನ ಚಳಿ ಸಡಿಲುತ್ತದೆ, ಹಿತ್ತಲ ಬೇವು ಎಲೆಯುದುರಿಸತೊಡಗುತ್ತದೆ. ಗದಗ-ಬೆಟಗೇರಿಯ ಓಣಿಗಳಲ್ಲಿ ಬೆಳಗಾದೊಡನೆ ಕಸಬರಿಗೆಯ ಸಪ್ಪಳ, ಅದರ ಬೆನ್ನಿಗೇ ಹೊಗೆ. ಹಿತ್ತಲನ್ನು ವಸಂತಕ್ಕೆ ಅಣಿಗೊಳಿಸುವುದೆಂದರೆ ಎಲೆ ಗುಡಿಸಿ ಸುಡುವುದೆಂದೇ ಅನೇಕರು ತಿಳಿದಿದ್ದಾರೆ. ಇದು ಸಲ್ಲದೆಂಬುದು ನನ್ನ ವಿನಮ್ರ, ಆದರೆ ದೃಢವಾದ ಅಭಿಪ್ರಾಯ.

ನಾನೂ ಹೀಗೆ ಸುಟ್ಟವನೇ. ಒಂದು ಮುಂಜಾನೆ ನೆರೆಮನೆಯ ಅಜ್ಜಿ ಸೆರಗಿನಿಂದ ಮೂಗು ಮುಚ್ಚಿಕೊಂಡು, "ತಮ್ಮಾ, ಪೂಜಿಗೆ ಕುಂತೀನಿ, ಉಸುರು ಕಟ್ಟಾಕತ್ತೈತಿ" ಎಂದರು. ಕೊಡದ ನೀರನ್ನೆಲ್ಲ ಆ ಬೆಂಕಿಗೆ ಸುರಿದೆ. ಅಂದಿನಿಂದ ಸುಟ್ಟಿಲ್ಲ.

ನಮ್ಮ ಸೀಮೆಯ ವಸಂತವು ಪುಸ್ತಕಗಳಲ್ಲಿ ಬಣ್ಣಿಸಿದ ತಂಪು ವಸಂತವಲ್ಲ. ಚಿಗುರಿನ ಹಿಂದೆಯೇ ಉರಿಬಿಸಿಲು ಬರುತ್ತದೆ. ಅವಳಿ ನಗರಕ್ಕೆ ತುಂಗಭದ್ರೆಯ ನೀರು ಮುಂಡರಗಿ ತಾಲೂಕಿನ ಹಮ್ಮಿಗಿಯಿಂದ ಏರಿ ಬರಬೇಕು. ಬೇಸಿಗೆಯಲ್ಲಿ ನಳದ ಸರದಿಗೆ ದಿನ ಎಣಿಸುವುದು ಎಲ್ಲರಿಗೂ ರೂಢಿಯೇ. ಆದುದರಿಂದ ಇಲ್ಲಿ ವಸಂತದ ಸಿದ್ಧತೆಯೆಂದರೆ ಮುಖ್ಯವಾಗಿ ತೇವವನ್ನು ಕಾಯುವ ಸಿದ್ಧತೆ. ಎರೆಮಣ್ಣು ಒಣಗಿದೊಡನೆ ಬಿರಿಯುತ್ತದೆ, ಬಿರುಕಿನ ಆಳದಿಂದಲೂ ತೇವ ಆರಿಹೋಗುತ್ತದೆ. ಮೇಲ್ಮಣ್ಣನ್ನು ಎರಡು ಬೆರಳಿನಷ್ಟು ಸಡಿಲಿಸಿ, ಕೊಳೆತ ತಿಪ್ಪೆಗೊಬ್ಬರವಿಟ್ಟು, ಅದರ ಮೇಲೆ ಅದೇ ಬೇವಿನೆಲೆಯನ್ನು ಗೇಣುದ್ದ ಹೊದಿಸಬೇಕು. ಸುಟ್ಟರೆ ಸಾರಜನಕವೆಲ್ಲ ಹೊಗೆಯಾಗಿ ಹೋಗುತ್ತದೆ. ಉಳಿಯುವ ಬೂದಿ ಕ್ಷಾರ. ನಮ್ಮ ಎರೆಯೋ ಮೊದಲೇ ಕ್ಷಾರದ್ದು. ಶಿರಹಟ್ಟಿ ಕಡೆಯ ಮಸಾರಿ ನೆಲದವರಿಗೆ ಬಿರುಕಿನ ಚಿಂತೆಯಿಲ್ಲ, ಆದರೆ ಅಲ್ಲಿ ನೀರು ನಿಲ್ಲುವುದಿಲ್ಲವಾದ್ದರಿಂದ ಹೊದಿಕೆ ಇನ್ನೂ ಅಗತ್ಯ.

ಮಲ್ಲಿಗೆಯನ್ನು ಈಗಾಗಲೇ ಸವರಿರಬೇಕಿತ್ತು. ಸವರಿದ್ದರೆ ಗೊಬ್ಬರ ಕೊಟ್ಟು ನೀರು ಆರಂಭಿಸಿರಿ. ಸೌತೆ, ಹೀರೆ, ಚವಳಿಕಾಯಿಯ ಬೀಜವೂರಲು ಇದೇ ಸಮಯ. ಆದರೆ ಕೈಗೆ ಸಿಗುವ ನೀರಿಗೆ ತಕ್ಕಷ್ಟೇ ಮಡಿ ಮಾಡಿರಿ. ಆಸೆಯಿಂದ ಹತ್ತು ಮಡಿ ಮಾಡಿ ಏಪ್ರಿಲ್‌ನಲ್ಲಿ ಎಂಟನ್ನು ಒಣಗಿಸುವುದು ನಾನೂ ಮಾಡಿದ ತಪ್ಪು. ಇನ್ನು ಹಿತ್ತಲಿಗೆ ಪೂರ್ತಿ ಫರಸಿ ಹಾಸಿ, ಪೂಜೆಯ ಪತ್ರೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ತರುವವರಿಗೆ ಏನು ಹೇಳಲಿ!

ಕಪ್ಪತಗುಡ್ಡದ ಉಳಿವಿಗಾಗಿ ಲಿಂಗೈಕ್ಯ ಪೂಜ್ಯ ತೋಂಟದ ಸಿದ್ಧಲಿಂಗ ಮಹಾಸ್ವಾಮಿಗಳು ನಡೆಸಿದ ಹೋರಾಟ ನಮಗೆಲ್ಲ ಹೆಮ್ಮೆ. 2019ರಲ್ಲಿ ಆ ಗುಡ್ಡ ವನ್ಯಜೀವಿಧಾಮವಾಯಿತು. ಬೇಸಿಗೆಯಲ್ಲಿ ಅಲ್ಲಿನ ಬಾದೆಹುಲ್ಲಿಗೆ ಕಿಚ್ಚು ಬಿತ್ತೆಂದು ಕೇಳಿದರೆ ಮರುಗುವ ನಾವೇ ಮನೆಯ ಹಿಂದೆ ಕಡ್ಡಿ ಗೀರುತ್ತೇವೆ.

ಜಾಗ ಚಿಕ್ಕದಾದವರು ಹಳೆಯ ಮಣ್ಣಿನ ಗಡಿಗೆಯೊಂದನ್ನು ಗಿಡದ ಬದಿಯಲ್ಲಿ ಕುತ್ತಿಗೆಯವರೆಗೆ ಹೂಳಿ, ನೀರು ತುಂಬಿ, ಮೇಲೆ ಮುಚ್ಚಳವಿಡಲಿ. ಅದು ಜಿನುಗುತ್ತ ಎರಡು ಮೂರು ದಿನ ಬೇರಿಗೆ ನೀರೂಡುತ್ತದೆ. ಮುಚ್ಚಳ ಮರೆಯಬೇಡಿರಿ, ಸೊಳ್ಳೆಯಾದೀತು.